ಜನರಲ್ ಸಾಹೇಬರು ಮಲಗಿದ ಕಲ್ಲು

ನೋಟರಿ ಕಚೇರಿಯ ನಕಲು ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ನಿಂತ ಮನುಷ್ಯನಿಗೆ ಒಂದೋ ಬೆನ್ನುನೋವು ಬರುತ್ತದೆ, ಇಲ್ಲವೇ ವಿದ್ವತ್ತು ಬರುತ್ತದೆ. ಪಿಯೆದ್ರಾಲ್ತಾ ಊರಿನ ಲಿಸಾಂದ್ರೊ ಕಾರ್ವಖಾಲನಿಗೆ ಎರಡೂ ಒಟ್ಟಿಗೆ ಬಂದಿದ್ದವು. ಊರಿನ ಹಳೆಯ ಉಯಿಲುಗಳು, ಜಮೀನಿನ ಪತ್ರಗಳು, ಗಡಿ ತಕರಾರುಗಳು ಎಲ್ಲವೂ ಅವನ ಕೈಯಿಂದಲೇ ಯಂತ್ರದೊಳಗೆ ಹೋಗಿ ಬಿಸಿಬಿಸಿಯಾಗಿ ಹೊರಬಂದಿದ್ದವು. ಅವುಗಳಲ್ಲಿ ಒಂದನ್ನಾದರೂ ಅವನು ಪೂರ್ತಿ ಓದಿದ್ದನೆಂದು ಹೇಳಲಾಗದು. ಆದರೆ ಅಷ್ಟು ಕಾಗದ ಮುಟ್ಟಿದ ಮೇಲೆ ಓದಿದ್ದಕ್ಕೂ ಓದದಿದ್ದಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಸಂಜೆ ಐದಕ್ಕೆ ಚೌಕದ ಬೇಕರಿಯಲ್ಲಿ ನಿಂತು, "ದಾಖಲೆಗಳ ಪ್ರಕಾರ..." ಎಂದು ಅವನು ಶುರುಮಾಡುತ್ತಿದ್ದ. ರೊಟ್ಟಿ ಒಲೆಯಿಂದ ಬರುವುದು ಐದೂಕಾಲಿಗೆ. ಆ ಕಾಲು ಗಂಟೆ ಊರಿನ ಜನ ಅವನ ಮಾತು ಕೇಳುತ್ತಿದ್ದರು. ಹಾಗೆ ಅವನಿಗೊಂದು ಹೆಸರು ಬಂದಿತ್ತು.

ಒಂದು ಗುರುವಾರ ಅದೇ ಬೇಕರಿಯಲ್ಲಿ ಫ್ಲೋರಾಲ್ಬಾ ಟೀಚರ್ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ತಿಂಗಳಿಗೊಂದು ಶನಿವಾರ ಮಕ್ಕಳನ್ನೂ ಅವರ ಮನೆಯವರನ್ನೂ ಕಾಡು, ಕಣಿವೆ, ಹಳೆಯ ದಾರಿ ತೋರಿಸಲು ನಡೆಸಿಕೊಂಡು ಹೋಗುವ ಕೆಲಸವನ್ನು ಅವರೇ ಹಟ ಹಿಡಿದು ಹಚ್ಚಿಕೊಂಡಿದ್ದರು. ನಗರದ ದೊಡ್ಡ ಶಾಲೆಗಳ ಮಕ್ಕಳು ತಣ್ಣನೆಯ ಬಸ್ಸಿನಲ್ಲಿ ಕೂತು ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ನಮ್ಮ ಮಕ್ಕಳಿಗೆ ಕಾಲಿಲ್ಲವೇ ಎನ್ನುವುದು ಅವರ ವಾದ. ಮನೆಯೊಂದಕ್ಕೆ ಎರಡು ಸಾವಿರ ಪೆಸೊ, ಅಂದರೆ ಒಂದು ಕರಿದ ಕಡುಬಿನ ಬೆಲೆ; ಅದರಲ್ಲೇ ದಾರಿಯಲ್ಲಿ ಎಲ್ಲರಿಗೂ ಬೆಲ್ಲದ ನೀರು. ಬುತ್ತಿ ಅವರವರ ಮನೆಯದೇ, ಬಾಳೆಯೆಲೆಯಲ್ಲಿ ಕಟ್ಟಿದ್ದು. ಇಷ್ಟು ಅಗ್ಗಕ್ಕೆ ಜ್ಞಾನ ಸಿಗುವ ಜಾಗ ಆ ಬೆಟ್ಟಸಾಲಿನಲ್ಲಿ ಬೇರೆ ಇರಲಿಲ್ಲ. ತೊಡಕೆಂದರೆ, ದಾರಿ ತೋರಿಸುತ್ತಿದ್ದ ನಿವೃತ್ತ ಮೋಜಣಿದಾರರು ಸೀಬೆಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದರು.

"ನಾಳಿದ್ದು ನಲವತ್ತು ಜನ ಬರ್ತಾರೆ. ಹಳೇ ರಾಜಮಾರ್ಗ, ಕೆಳಗಿನ ಬಂಡೆಚಿತ್ರ ತೋರಿಸೋರು ಒಬ್ಬರೂ ಇಲ್ಲ," ಎಂದರು ಟೀಚರ್.

ಲಿಸಾಂದ್ರೊನ ಬಾಯಲ್ಲಿ ಗಿಣ್ಣಿನ ರೊಟ್ಟಿ ಇತ್ತು. ಆದರೂ ಸುಮ್ಮನಿರಲಾಗಲಿಲ್ಲ. "ರಾಜಮಾರ್ಗವೇ? ದಾಖಲೆಗಳ ಪ್ರಕಾರ ಅದು ನನಗೆ ನನ್ನ ಅಂಗೈ ಇದ್ದ ಹಾಗೆ!"

ಈ ವಾಕ್ಯದಲ್ಲಿ ಏನೋ ದೋಷವಿದೆ. ಆದರೆ ಫ್ಲೋರಾಲ್ಬಾ ಗಣಿತದ ಟೀಚರ್.

"ದೇವರೇ ಕಳಿಸಿದ ಹಾಗೆ ಬಂದ್ರಿ ದೋನ್ ಲಿಸಾಂದ್ರೊ! ಶನಿವಾರ ಆರೂವರೆಗೆ ಚರ್ಚಿನ ಮೆಟ್ಟಿಲ ಹತ್ರ."

ಅವನು ಬಾಯಲ್ಲಿದ್ದುದನ್ನು ನುಂಗಿ ನಿರಾಕರಿಸುವಷ್ಟರಲ್ಲಿ ಟೀಚರ್ ಚೌಕ ದಾಟಿ ಆಗಿತ್ತು.

ಮನೆಯಲ್ಲಿ ಸುದ್ದಿ ಕೇಳಿ ಹೆಂಡತಿ ರುಬಿಯೆಲಾ ಕಾಳು ಆರಿಸುತ್ತಿದ್ದ ಕೈ ನಿಲ್ಲಿಸಿದಳು. "ನೀವು? ರಾಜಮಾರ್ಗ? ಬಸ್ ನಿಲ್ದಾಣದಿಂದ ಮನೆಗೆ ಬರೋಕೆ ಗಾಡಿ ಹಿಡಿಯೋರು ನೀವು."

ಹಿತ್ತಿಲಿನಲ್ಲಿ ಅತ್ತೆ ದೋನ್ಯಾ ಎದೆಲ್ಮೀರಾ ಬಟ್ಟೆ ಒಗೆಯುತ್ತಿದ್ದರು. ಎಪ್ಪತ್ತೊಂದು ವರ್ಷದ ಹೆಂಗಸು. ತೋಳು ಮಾತ್ರ ಮೂವತ್ತರದ್ದು. ಮಂಚದಷ್ಟು ಅಗಲದ, ಒಂದು ಕಡೆಗೆ ವಾಲಿದ ಒಗೆಯುವ ಕಲ್ಲಿನ ಮೇಲೆಯೇ ಚರ್ಚಿನ ಪೀಠವಸ್ತ್ರಗಳು, ಚೌಕದ ಹೋಟೆಲಿನ ಹೊದಿಕೆಗಳು, ಊರಿನ ಕಾಲ್ಚೆಂಡು ತಂಡದ ಅಂಗಿಗಳು ಬೆಳ್ಳಗಾಗುತ್ತಿದ್ದವು. ಮನೆ ನಡೆಯುತ್ತಿದ್ದುದು ನಕಲು ಯಂತ್ರದಿಂದ ಎಂದು ಲಿಸಾಂದ್ರೊ ತಿಳಿದಿದ್ದ. ಉಳಿದವರಿಗೆ ನಿಜ ಗೊತ್ತಿತ್ತು.

"ಅಳಿಯಂದಿರೇ," ಎಂದರು ಎದೆಲ್ಮೀರಾ, ತಿರುಗಿಯೂ ನೋಡದೆ. "ರೊಟ್ಟಿ ತಿನ್ನುವಾಗ ಬಾಯಿ ಮುಚ್ಕೊಂಡು ತಿನ್ನಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

ಶನಿವಾರ ಬೆಳಿಗ್ಗೆ ಅವನು ಅಗಲ ಅಂಚಿನ ಟೋಪಿ, ಊರುಗೋಲು, ಸೀಟಿ ಮತ್ತು ಒಂದೇ ಕಣ್ಣಿಗೆ ಕಾಣಿಸುವ ದುರ್ಬೀನಿನೊಂದಿಗೆ ಹಾಜರಾದ. ಮೆಟ್ಟಿಲ ಹತ್ತಿರ ಇಪ್ಪತ್ತಾರು ಮಕ್ಕಳು, ಅವರ ತಾಯಂದಿರು, ಅಜ್ಜಿಯರು, ಜೊತೆಗೆ ಎಂಬತ್ತನಾಲ್ಕು ವರ್ಷದ ದೋನ್ ಅಬುಂದಿಯೊ. ಈ ಮುದುಕರ ಹಿಂದೆ ಮೊಮ್ಮಗಳೊಬ್ಬಳು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಬರುತ್ತಿದ್ದಳು. ಇತಿಹಾಸ ಎಲ್ಲಿ ಸಿಕ್ಕಿದರೂ ಅಲ್ಲೇ ಕೂರುವ ವ್ಯವಸ್ಥೆ.

ಯುರ್ಲೇಯ್ ಎಂಬ ಒಂಬತ್ತು ವರ್ಷದ ಹುಡುಗಿ ನೋಟ್‌ಬುಕ್ಕು ತೆರೆದು ಅವನ ಪಕ್ಕದಲ್ಲೇ ನಡೆಯತೊಡಗಿದಳು.

"ಆ ಹಕ್ಕಿ ಹೆಸರೇನು?"

"ಅದು... ಮುಂಜಾನೆ ಹಕ್ಕಿ."

"ಮಧ್ಯಾಹ್ನ ಏನಂತಾರೆ ಅದಕ್ಕೆ?"

"ಮಧ್ಯಾಹ್ನ ಅದು ಬರೋದಿಲ್ಲ."

ಅವಳು ಬರೆದುಕೊಂಡಳು. "ಈ ಮರ?"

"ಅದು ಬೆಟ್ಟದ ಮರ."

"ಆ ಮರ?"

"ಅದೂ."

"ಎರಡರ ಎಲೆ ಬೇರೆ ಬೇರೆ ಇದೆಯಲ್ಲ?"

"ಒಂದು ಗಂಡು, ಒಂದು ಹೆಣ್ಣು. ಮುಂದೆ ನಡಿ ಮಗೂ, ದಾರಿಗೆ ಅಡ್ಡ ಆಗ್ತೀಯ!"

ಹಿಂದಿನಿಂದ ಅಜ್ಜಿಯೊಬ್ಬರು, "ಅಯ್ಯೋ, ಅದು ನಮ್ಮ ಗ್ವಾಮೊ ಮರ ಅಲ್ವಾ? ಅದರ ಹಣ್ಣು ತಿಂದೇ ನಾನು ಬೆಳೆದದ್ದು," ಎಂದರು. ಲಿಸಾಂದ್ರೊ ಅವರ ಕಡೆ ಕರುಣೆಯಿಂದ ನೋಡಿ, ಅದು ಆಡುಮಾತಿನ ಹೆಸರು ಎಂದ.

ಒಂದು ಗಂಟೆ ನಡೆದ ಮೇಲೆ ದಾರಿ ಕವಲಾಯಿತು. ಬಲಗಡೆಯದು ಕಲ್ಲು ಹಾಸಿದ ಅಗಲ ದಾರಿ. ಅದರ ಮಧ್ಯೆ ಒಂದು ಹಸು ನಿಂತಿತ್ತು. ಆ ಹಸು ಲಿಸಾಂದ್ರೊನನ್ನು ಯಾವ ರೀತಿ ನೋಡಿತೆಂದರೆ ಅವನು ಕೂಡಲೇ, "ದಾಖಲೆಗಳ ಪ್ರಕಾರ ಎಡಕ್ಕೆ," ಎಂದುಬಿಟ್ಟ.

ಎಡಗಡೆಯ ದಾರಿ ಮೊದಲು ಕಾಲುದಾರಿಯಾಯಿತು, ಆಮೇಲೆ ಆಡಿನ ದಾರಿಯಾಯಿತು, ಆಮೇಲೆ ದಾರಿಯೇ ಅಲ್ಲವಾಯಿತು. ಬಿದಿರುಮೆಳೆಯಲ್ಲಿ ಇಬ್ಬರು ತಾಯಂದಿರ ತಲೆವಸ್ತ್ರ ಸಿಕ್ಕಿಕೊಂಡಿತು. ತೊರೆ ದಾಟುವಾಗ ಬುತ್ತಿಯೊಂದು ನೀರುಪಾಲಾಯಿತು. ದೋನ್ ಅಬುಂದಿಯೊ ಐದು ಸಲ ಕುರ್ಚಿ ಹಾಕಿಸಿಕೊಂಡು ಕೂತರು. "ಇನ್ನೆಷ್ಟು ದೂರ?" ಎಂದು ಕೇಳಿದವರಿಗೆಲ್ಲ ಲಿಸಾಂದ್ರೊ ದುರ್ಬೀನು ಏರಿಸಿ, "ಹತ್ತಿರ ಬಂತು," ಎನ್ನುತ್ತಿದ್ದ. ಎರಡು ಗಂಟೆ ಅಲೆದ ಮೇಲೆ ಕಾಫಿಗಿಡಗಳ ನಡುವಿನಿಂದ ನುಗ್ಗಿ, ಒಂದು ಹರಿದ ತಂತಿಬೇಲಿ ದಾಟಿ, ನಲವತ್ತು ಜನರೂ ಒಂದು ಬಯಲಿಗೆ ಬಂದು ಬಿದ್ದರು. ಎದುರಿಗೆ ಹಗ್ಗದ ಮೇಲೆ ನೀಲಿ ಪ್ಯಾಂಟೊಂದು ಒಣಗುತ್ತಿತ್ತು.

ಲಿಸಾಂದ್ರೊ ದುರ್ಬೀನಿನಲ್ಲಿ ನೋಡಿದ. ದುರ್ಬೀನು ಇಳಿಸಿ ಬರಿಗಣ್ಣಿನಿಂದ ನೋಡಿದ. ಆ ಪ್ಯಾಂಟಿನ ಹಿಂಭಾಗದ ತೇಪೆ ಅವನ ಹೆಂಡತಿ ಹಾಕಿದ್ದು.

"ಇದು ಯಾರ ಹಿತ್ತಿಲು?" ಎಂದರು ಟೀಚರ್, ಏದುಸಿರು ಬಿಡುತ್ತ.

"ನಮ್ಮದೇ," ಎಂದ ಲಿಸಾಂದ್ರೊ. ಇಲ್ಲಿ ಮಾತು ನಿಲ್ಲಿಸಿ ಎಲ್ಲರ ಕ್ಷಮೆ ಕೇಳಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. "ಬೇಕೂಂತಲೇ ಕರ್ಕೊಂಡು ಬಂದೆ. ಬಂಡೆಚಿತ್ರ ಎಲ್ಲರೂ ನೋಡ್ತಾರೆ ಟೀಚರ್. ಇದನ್ನ ಯಾರೂ ನೋಡಿಲ್ಲ."

"ಯಾವುದನ್ನ?" ಎಂದಳು ಯುರ್ಲೇಯ್.

ಹಿತ್ತಿಲಿನಲ್ಲಿ ಕೋಳಿಗೂಡು, ಹಗ್ಗ, ಬಕೆಟ್ಟು, ಒಗೆಯುವ ಕಲ್ಲು ಇಷ್ಟೇ ಇದ್ದವು. ಕೋಳಿಗೂಡು ಹೋದ ವರ್ಷ ಕಟ್ಟಿದ್ದು. ಅವನು ಕಲ್ಲಿನ ಕಡೆ ಊರುಗೋಲು ಚಾಚಿದ.

"ಈ ಕಲ್ಲು! ಹಿಂದಿನ ಯುದ್ಧದಲ್ಲಿ, ಕಣಿವೆಯ ಕಾಳಗದ ಹಿಂದಿನ ದಿನ, ಜನರಲ್ ಬೊನಿಫಾಸಿಯೊ ತ್ರಿಯಾನಾ ಇದರ ಮೇಲೆ ಮಲಗಿದ್ರು."

"ಈ ಗೀರುಗಳು?"

"ಕತ್ತಿ ಮಸೆದದ್ದು. ಮುನ್ನೂರು ಕತ್ತಿ."

"ಜನರಲ್ ಮಲಗಿರೋವಾಗಲೇ ಮಸೆದ್ರಾ?"

"ಅವರು ಬಲಗಡೆ ಮಲಗಿದ್ರು. ಇವರು ಎಡಗಡೆ ಮಸೆದ್ರು."

ಅಡುಗೆಮನೆಯ ಕಿಟಕಿಯಲ್ಲಿ ರುಬಿಯೆಲಾ ಕಾಣಿಸಿಕೊಂಡು, ಗಂಡನ ಮಾತು ಕೇಳಿ, ಶಿಲುಬೆಯ ಗುರುತು ಮಾಡಿಕೊಂಡು ಮಾಯವಾದಳು. ಎದೆಲ್ಮೀರಾ ಹೋಟೆಲಿಗೆ ಹೊದಿಕೆ ಕೊಡಲು ಹೋಗಿದ್ದರು. ಇಲ್ಲವಾದರೆ ಜನರಲ್ ಸಾಹೇಬರು ಅಲ್ಲೇ ಸಾಯುತ್ತಿದ್ದರು.

ಆಗ ದೋನ್ ಅಬುಂದಿಯೊ ಕುರ್ಚಿಯಿಂದ ಎದ್ದು ಟೋಪಿ ತೆಗೆದರು. ಕಣ್ಣಲ್ಲಿ ನೀರು. "ತ್ರಿಯಾನಾ! ನಮ್ಮಜ್ಜ ಹೇಳ್ತಾ ಇದ್ದ. ಈ ಕಲ್ಲಿನ ಹತ್ರಾನೇ ಅವರಿಗೆ ಸಾರು ಕೊಟ್ಟಿದ್ದನಂತೆ."

ಲಿಸಾಂದ್ರೊ ದಂಗಾದ. ಎರಡು ನಿಮಿಷದ ಹಿಂದೆ ಹುಟ್ಟಿದ ಜನರಲ್‌ಗೆ ನೂರು ವರ್ಷದ ಹಿಂದೆ ಸಾರು ಕೊಟ್ಟವರು ಸಿಕ್ಕಿಬಿಟ್ಟಿದ್ದರು. ತಾಯಂದಿರು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಕ್ಕಳು ಸರದಿಯಲ್ಲಿ ಬಲಗಡೆ ಮಲಗಿ ಫೋಟೊ ತೆಗೆಸಿಕೊಂಡರು. ಇಷ್ಟು ಒಳ್ಳೆಯ ಪ್ರವಾಸ ಈವರೆಗೆ ಆಗಿರಲಿಲ್ಲವೆಂದು ಎಲ್ಲರೂ ಒಪ್ಪಿದರು.

ಸೋಮವಾರ ಫ್ಲೋರಾಲ್ಬಾ ಟೀಚರ್ ಇಪ್ಪತ್ತಾರು ಚಿತ್ರಗಳ ಸಮೇತ ಪುರಸಭೆಯ ಸಂಸ್ಕೃತಿ ಕಾರ್ಯದರ್ಶಿಗೆ ವರದಿ ಕೊಟ್ಟರು. ಈ ಕಾರ್ಯದರ್ಶಿಯ ಹೆಸರು ದಾಕ್ತೋರ್ ಎವೆಲಿಯೊ. ಅವರು ಯಾವ ವಿಷಯದಲ್ಲೂ ಡಾಕ್ಟರಲ್ಲ. ಆ ಊರಿನಲ್ಲಿ ಟೈ ಕಟ್ಟಿದವರನ್ನೆಲ್ಲ ಹಾಗೆ ಕರೆಯುವುದು ವಾಡಿಕೆ. ಅವರ ಬಳಿ ಒಂದು ಕೋಣೆ, ಒಂದು ಫ್ಯಾನು, ಮತ್ತು ಮೂರು ವರ್ಷದಿಂದ ತುಂಬದೆ ಉಳಿದ ಒಂದು ಫಾರಂ ಇದ್ದವು. "ನಿಮ್ಮ ಊರಿನ ಸ್ಮಾರಕಗಳು" ಎಂದು ಅದರ ತಲೆಬರಹ. ಗಡುವು ಬುಧವಾರ. ಟೀಚರ್ ಹೊರಹೋಗುವ ಮೊದಲೇ ಫಾರಂ ತುಂಬಿ ಮೊಹರು ಬಿತ್ತು.

ಮಂಗಳವಾರ ಎದೆಲ್ಮೀರಾ ಬಟ್ಟೆಯ ಬುಟ್ಟಿಯೊಂದಿಗೆ ಹಿತ್ತಿಲಿಗೆ ಬಂದರೆ ಕಲ್ಲಿನ ಸುತ್ತ ಹಳದಿ ಪಟ್ಟಿ. ಎವೆಲಿಯೊ ಗೂಟಕ್ಕೆ ಫಲಕ ಹೊಡೆಯುತ್ತಿದ್ದರು: ಮುಟ್ಟಬಾರದು, ಕೂರಬಾರದು, ಒಗೆಯಬಾರದು.

"ದೂರ ನಿಲ್ಲಿ ದೋನ್ಯಾ. ಇದು ಪರಂಪರೆ."

"ಇದು ನನ್ನ ಕಲ್ಲು."

"ನಿಮ್ಮದೇ. ಯಾರು ಇಲ್ಲ ಅಂದ್ರು? ಆದ್ರೆ ಇವತ್ತಿನಿಂದ ರಾಷ್ಟ್ರದ್ದೂ ಹೌದು."

"ಹಾಗಾದ್ರೆ ರಾಷ್ಟ್ರ ಬಂದು ಪಾದ್ರಿಗಳ ಅಂಗಿ ಒಗೆಯುತ್ತಾ?"

"ಅದಕ್ಕೆ ಬೇರೆ ಇಲಾಖೆ ಇದೆ ದೋನ್ಯಾ."

"ಯಾರು ಹೇಳಿದ್ದು ಇಲ್ಲಿ ಯಾವನೋ ಮಲಗಿದ್ದ ಅಂತ?"

"ನಿಮ್ಮ ಅಳಿಯಂದಿರೇ! ಎಂಥ ವಿದ್ವಾಂಸರು! ಮನೆಯಲ್ಲೇ ಇಟ್ಕೊಂಡು ನಿಮಗೆ ಗೊತ್ತಾಗಿಲ್ಲ ನೋಡಿ."

ಎದೆಲ್ಮೀರಾ ಬುಟ್ಟಿಯನ್ನು ನೆಲಕ್ಕಿಟ್ಟರು. ಅಳಿಯ ಆಗ ಕಚೇರಿಯಲ್ಲಿದ್ದ. ನೋಟರಿ ಕಚೇರಿ ಅಲ್ಲಿಂದ ನಾಲ್ಕು ಬೀದಿ ದೂರ. ಆದರೂ ಅವನಿಗೆ ಕೂಗು ಕೇಳಿಸಿತು.

ಮಧ್ಯಾಹ್ನವೇ ಅವನು ಪುರಸಭೆಗೆ ಓಡಿದ. "ದಾಕ್ತೋರ್, ಆ ಜನರಲ್ ಕಥೆ ನಾನು ಕಟ್ಟಿದ್ದು. ದಾರಿ ತಪ್ಪಿತ್ತು. ಏನಾದ್ರೂ ತೋರಿಸ್ಬೇಕಿತ್ತು, ಅದನ್ನ ತೋರಿಸಿದೆ."

ಎವೆಲಿಯೊ ಎದ್ದು ಬಂದು ಅವನ ಭುಜ ತಟ್ಟಿದರು. "ನಿಜವಾದ ವಿದ್ವಾಂಸರ ಲಕ್ಷಣ ಇದೇ. ವಿನಯ!"

"ವಿನಯ ಅಲ್ಲ ಸ್ವಾಮಿ, ಸುಳ್ಳು!"

"ದೋನ್ ಅಬುಂದಿಯೊ ಸಾಕ್ಷಿ ಸಹಿ ಹಾಕಿದಾರೆ. ಅವರ ಅಜ್ಜ ಎರಡು ಸಲ ಸಾರು ಬಡಿಸಿದ್ದು ಈಗ ಕಡತದಲ್ಲಿದೆ."

"ಅವರಿಗೆ ಎಂಬತ್ತನಾಲ್ಕು ವರ್ಷ! ನಾನು ಸಾಕ್ಷಾತ್ ಪೋಪರೇ ಮಲಗಿದ್ರು ಅಂದಿದ್ರೂ ಅವರಜ್ಜ ಸಾರು ಕೊಡ್ತಿದ್ದ."

ಎವೆಲಿಯೊರ ಮುಖ ಗಂಭೀರವಾಯಿತು. "ನೋಡಿ, ಸ್ಮಾರಕ ಅಲ್ಲ ಅಂತ ಹೇಳೋಕೂ ಒಂದು ಫಾರಂ ಇದೆ. ಅದಕ್ಕೆ ಮೂವರು ಇತಿಹಾಸಕಾರರ ಸಹಿ ಬೇಕು."

"ಹೌದು ಅಂತ ಹೇಳೋಕೆ?"

"ಅದಕ್ಕೆ ನನ್ನ ಮೊಹರು ಸಾಕು."

ಬುಧವಾರದಿಂದ ಪಿಯೆದ್ರಾಲ್ತಾ ಊರು ತನ್ನ ಇತಿಹಾಸವನ್ನು ಕಂಡುಕೊಳ್ಳತೊಡಗಿತು. ಎದುರುಮನೆಯ ದೋನ್ ಕ್ರಿಸಾಂತೊ ತನ್ನ ನಿಂಬೆಗಿಡಕ್ಕೆ ಜನರಲ್ ಕುದುರೆ ಕಟ್ಟಿದ್ದರೆಂದು ಹಲಗೆ ಬರೆಸಿದ. ಆ ಗಿಡವನ್ನು ಅವನು ನೆಟ್ಟದ್ದು ಹೆಂಡತಿಯ ಬಾಣಂತನದ ವರ್ಷ. ಮಗು ಈಗ ಏಳನೆಯ ತರಗತಿ. ಬೇಕರಿಯವನು ಹಳೆಯ ಗಿಣ್ಣಿನ ರೊಟ್ಟಿಗೇ ಜನರಲ್ ರೊಟ್ಟಿ ಎಂದು ಹೆಸರಿಟ್ಟ. ಲಿಸಾಂದ್ರೊ ಹೋದಲ್ಲೆಲ್ಲ, "ಸುಳ್ಳು ಕಣ್ರಯ್ಯಾ, ನಾನೇ ಹೇಳಿದ ಸುಳ್ಳು," ಎಂದು ಅಂಗಲಾಚಿದ. ಕ್ರಿಸಾಂತೊ ಅವನ ಕೈ ಹಿಡಿದು ಪಕ್ಕಕ್ಕೆ ಎಳೆದ.

"ಗೊತ್ತಾಯ್ತು ಬಿಡೋ ನಿನ್ನ ಬುದ್ಧಿ. ಜನರಲ್ ನಿನ್ನ ಮನೇಲಿ ಮಾತ್ರ ಇರ್ಬೇಕು, ನಮ್ಮ ಮನೆಗೆ ಬರಬಾರದು, ಅಲ್ವಾ? ಹೊಟ್ಟೆಕಿಚ್ಚು!"

ಮನೆಯಲ್ಲಿ ಅದಕ್ಕಿಂತ ಕಷ್ಟ. ಎದೆಲ್ಮೀರಾ ಅವನನ್ನು ಅಳಿಯಂದಿರೇ ಎಂದು ಕರೆಯುವುದನ್ನೇ ಬಿಟ್ಟರು.

"ರುಬಿಯೆಲಾ, ಜನರಲ್ ಸಾಹೇಬರಿಗೆ ತಟ್ಟೆ ಹಾಕು. ದಿಂಬು ಯಾಕೆ ಅವರಿಗೆ? ಕಲ್ಲಿದೆಯಲ್ಲ. ಬಲಗಡೆ ಮಲಗ್ತಾರಂತೆ."

ಒಗೆಯುವ ಬಟ್ಟೆ ಹಜಾರದಲ್ಲಿ ಬೆಟ್ಟವಾಗಿ ಬೆಳೆಯಿತು. ಚರ್ಚಿನ ಪಾದ್ರಿಗಳು ಎದೆಯ ಮೇಲೆ ಕಾಫಿಯ ಕಲೆಯೊಂದಿಗೆ ಪೂಜೆ ನಡೆಸಿ, ಆಮೇಲೆ ನೇರವಾಗಿ ಮನೆಗೇ ಬಂದರು. "ಮಗನೇ, ಸುಳ್ಳು ಹೇಳೋದು ಪಾಪ. ಭಾನುವಾರದೊಳಗೆ ಬಟ್ಟೆ ಆಗದಿದ್ರೆ ಅದು ಇನ್ನೂ ದೊಡ್ಡ ಪಾಪ." ಲಿಸಾಂದ್ರೊ ಕಾಲ್ಚೆಂಡು ತಂಡದ ಅಂಗಿಗಳನ್ನು ತಾನೇ ಹೊಳೆಗೆ ಒಯ್ದು ಒಗೆದ. ಹನ್ನೊಂದು ಒಯ್ದವನು ಹತ್ತು ತಂದ. ಗೋಲ್‌ಕೀಪರನ ಅಂಗಿ ಕೆಳಗಿನ ಊರಿನ ಕಡೆ ಹೊರಟುಹೋಗಿತ್ತು. ಆ ಊರಿನವರೇ ಮುಂದಿನ ಪಂದ್ಯದ ಎದುರಾಳಿಗಳು.

ಶುಕ್ರವಾರ ಹೋಟೆಲಿನ ಯಜಮಾನಿ ಬಾಗಿಲಲ್ಲೇ ನಿಂತು ಹೇಳಿ ಹೋದರು: ಇನ್ನೊಂದು ವಾರ ನೋಡುತ್ತಾರಂತೆ, ಆಮೇಲೆ ಹೊದಿಕೆಗಳನ್ನು ಪಕ್ಕದ ಊರಿನ ಒಗೆಯುವ ಯಂತ್ರಕ್ಕೆ ಕಳಿಸುತ್ತಾರಂತೆ. ಎದೆಲ್ಮೀರಾ ಒಳಗೆ ಹೋಗಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ರುಬಿಯೆಲಾ ಗಂಡನ ಹತ್ತಿರ ಬಂದು, "ಬೈತಾ ಇದ್ದಾಗ ಪರವಾಗಿರಲಿಲ್ಲ. ಅಮ್ಮ ಹೀಗೆ ಕೂತಿದ್ದನ್ನ ನಾನು ನೋಡೇ ಇಲ್ಲ," ಎಂದಳು. ಅವನಿಗೆ ಊಟ ಸೇರಲಿಲ್ಲ.

ಮುಂದಿನ ಶನಿವಾರ ಜನ ಬಂದರು. ನಲವತ್ತಲ್ಲ, ನೂರಮೂವತ್ತು. ಮೂರು ಊರುಗಳ ಶಾಲೆಗಳು, ಮನೆಮಂದಿ, ಬುತ್ತಿ, ಕೊಡೆ, ಹಾಲುಗೂಸುಗಳು. ಯಾರೋ ಆ ಸೀಮೆಯ ಮೆಚ್ಚಿನ ತಿಂಡಿಯಾದ, ದೊಡ್ಡ ಹಿಂಭಾಗದ ಕರಿದ ಇರುವೆಗಳನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದರು. ಅದರ ಜೊತೆಗೆ ಪ್ರಾಂತ್ಯದ ರಾಜಧಾನಿಯಿಂದ ಪರಿಶೀಲನೆಗೆ ದಾಕ್ತೋರಾ ಓಬ್ದೂಲಿಯಾ ಸೆರ್ರಾನೊ ಬಂದಿದ್ದರು. ಇವರು ನಿಜವಾಗಿ ಓದಿ ಆದ ಡಾಕ್ಟರು. ಅದಕ್ಕೇ ಟೈ ಇರಲಿಲ್ಲ, ಮಣ್ಣು ಮೆತ್ತಿದ ಬೂಟು ಇತ್ತು, ಕುತ್ತಿಗೆಯಲ್ಲಿ ಒಂದು ಭೂತಗನ್ನಡಿ ಇತ್ತು.

ಎವೆಲಿಯೊ ಭಾಷಣ ಮಾಡಿದರು. ದೋನ್ ಅಬುಂದಿಯೊ ಕುರ್ಚಿಯ ಮೇಲೆ ಕೂತು, ತಮ್ಮ ಅಜ್ಜ ಮತ್ತು ಜನರಲ್ ಒಂದೇ ತಟ್ಟೆಯಲ್ಲಿ ಉಂಡಿದ್ದನ್ನು ವಿವರಿಸಿದರು. ಆಮೇಲೆ, "ಈಗ ನಮ್ಮ ವಿದ್ವಾಂಸರು," ಎಂದು ಎವೆಲಿಯೊ ಲಿಸಾಂದ್ರೊನನ್ನು ಮುಂದಕ್ಕೆ ತಳ್ಳಿದರು.

ಅವನು ಹಳದಿ ಪಟ್ಟಿಯ ಮುಂದೆ ನಿಂತ. ಟೋಪಿ ತೆಗೆದ. "ಸ್ವಾಮಿ, ಇದು ಬಟ್ಟೆ ಒಗೆಯೋ ಕಲ್ಲು. ಜನರಲ್ ಇರಲೇ ಇಲ್ಲ. ನಾನು ದಾರಿ ತಪ್ಪಿ ಸುಳ್ಳು ಹೇಳಿದೆ. ಆ ರಾಜಮಾರ್ಗಾನ ನಾನು ಜನ್ಮದಲ್ಲಿ ನೋಡಿಲ್ಲ."

ದೋನ್ ಅಬುಂದಿಯೊ ಕುರ್ಚಿಯಿಂದ ಎದ್ದರು.

"ಹಾಗಾದ್ರೆ ನಮ್ಮಜ್ಜ ಸಾರು ಕೊಟ್ಟಿದ್ದು ಯಾರಿಗೆ?"

"ಅದು ನನಗೇನು ಗೊತ್ತು ಅಜ್ಜ!"

"ನಮ್ಮ ವಂಶಾನೇ ಸುಳ್ಳು ಅಂತೀಯಾ?"

ಗದ್ದಲವೆದ್ದಿತು. ವಯಸ್ಸಾದವರ ಜೊತೆ ಹೀಗಾ ಮಾತಾಡೋದು ಎಂದು ಅಜ್ಜಿಯರು ಹರಿಹಾಯ್ದರು. ಮೂರು ಗಂಟೆ ಬೆಟ್ಟ ಹತ್ತಿ ಬಂದಿದ್ದು ಒಗೆಯೋ ಕಲ್ಲು ನೋಡೋಕಾ ಎಂದು ಒಬ್ಬ ತಂದೆ ಕೇಳಿದ. ತನ್ನ ನಿಂಬೆಗಿಡದ ಗತಿ ಏನು ಎಂದು ಕ್ರಿಸಾಂತೊ ಕೂಗಿದ. ಎವೆಲಿಯೊ ಎರಡೂ ಕೈ ಎತ್ತಿ, "ವಿನಯ! ಇದು ಅವರ ವಿನಯ!" ಎಂದು ಬಡಕೊಳ್ಳುತ್ತಿದ್ದರು. ಸುಳ್ಳು ಹೇಳಿದಾಗ ಕಣ್ಣಿಗೊತ್ತಿಕೊಂಡ ಜನ, ನಿಜ ಹೇಳಿದ್ದಕ್ಕೆ ಮೈಮೇಲೆ ಬರುತ್ತಿದ್ದಾರಲ್ಲ ಎಂದು ಲಿಸಾಂದ್ರೊನಿಗೆ ಅಳು ಬರುವಷ್ಟು ರೇಗಿತು.

ಆಗ ಅಡುಗೆಮನೆಯ ಬಾಗಿಲು ದಡಾರನೆ ತೆರೆಯಿತು. ಎದೆಲ್ಮೀರಾ ಬಂದರು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪಾದ್ರಿಗಳ ಅಂಗಿ. ಜನ ತಾವಾಗಿಯೇ ದಾರಿ ಬಿಟ್ಟರು. ಹಳದಿ ಪಟ್ಟಿಯ ಹತ್ತಿರ ಬಂದು ಅವರು ಮೊಣಕಾಲಿನಿಂದ ಅದನ್ನು ಒತ್ತಿದರು. ಪಟ್ಟಿ ಹರಿಯಿತು.

"ದೋನ್ಯಾ, ಪರಂಪರೆ!" ಎಂದರು ಎವೆಲಿಯೊ.

"ಪರಂಪರೆ ಅಂತೆ! ಇದು ನಮ್ಮಮ್ಮನ ಮೊಣಕೈ ಕಣಯ್ಯಾ!" ಎದೆಲ್ಮೀರಾ ಕಲ್ಲಿನ ಮೇಲೆ ನೀರು ಸುರಿದರು. "ನಮ್ಮಜ್ಜಿ ಸಿನ್ಫೊರೋಸಾ ಇದನ್ನ ಕೆಳಗಿನ ಕಣಿವೆಯಿಂದ ಎರಡು ಎತ್ತು ಕಟ್ಟಿ ಎಳ್ಕೊಂಡು ಬಂದಳು. ಒಂದು ವಾರ ಹಿಡೀತು. ಗಂಡ ಸತ್ತಿದ್ದ, ಐದು ಮಕ್ಕಳು. ಊರಿನ ಗಂಡಸರೆಲ್ಲ ನಿಂತು ನೋಡಿದ್ರು. ನೋಡೋದ್ರಲ್ಲಿ ಈ ಊರಿನ ಗಂಡಸರು ಯಾವತ್ತೂ ಮುಂದೆ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಎದೆಲ್ಮೀರಾ ಅಂಗಿಗೆ ಸೋಪು ಹಚ್ಚಿ ಉಜ್ಜತೊಡಗಿದರು. ಮಾತು ಆ ಉಜ್ಜುವ ಲಯದಲ್ಲೇ ಬಂತು.

"ಈ ಎಡಗಡೆ ಆಳ ಜಾಸ್ತಿ, ನೋಡಿ. ನಮ್ಮಮ್ಮ ಎಡಗೈಯವಳು. ಬಲಗಡೆದು ನನ್ನದು. ಊರಲ್ಲಿ ಕೆಂಪು ಪಕ್ಷದವರು ನೀಲಿ ಪಕ್ಷದವರು ಒಬ್ಬರನ್ನೊಬ್ಬರು ಕೊಲ್ತಾ ಇದ್ದ ವರ್ಷ, ಒಂದು ದಿನ ಇವರು ಬಂದು ಅಂಗಿ ಎಸೆದು ಒಗಿ ಅಂದ್ರು. ಮಾರನೇ ದಿನ ಅವರು ಬಂದು ಎಸೆದ್ರು. ಅಮ್ಮ ಎರಡನ್ನೂ ಒಂದೇ ನೀರಲ್ಲಿ ಒಗೆದಳು. ರಕ್ತದ ಕಲೆ ಬಿಸಿನೀರಲ್ಲಿ ಹೋಗೋದಿಲ್ಲ, ಕೂತುಬಿಡುತ್ತೆ. ತಣ್ಣೀರಲ್ಲೇ ಒಗೀಬೇಕು. ಆ ವರ್ಷ ಅವಳು ಕಲಿತದ್ದು ಅದು. ಇವನು ಕೆಂಪು, ಇವನು ನೀಲಿ ಅಂತ ನೊರೆ ನೋಡಿ ಹೇಳೋಕೆ ಅವಳಿಗೂ ಆಗಲಿಲ್ಲವಂತೆ."

ಒಬ್ಬ ಅಜ್ಜಿ ಇನ್ನೊಬ್ಬ ಅಜ್ಜಿಯ ಕೈ ಹಿಡಿದುಕೊಂಡರು. ಅವರಿಬ್ಬರ ಮನೆಗಳೂ ಆ ಕಾಲದಲ್ಲಿ ಒಂದೊಂದು ಬಣ್ಣದವು. ಯುರ್ಲೇಯ್ ನೋಟ್‌ಬುಕ್ಕಿನ ನಾಲ್ಕು ಪುಟಗಳ ಮೇಲೆ ಅಡ್ಡಗೆರೆ ಎಳೆದು ಹೊಸ ಪುಟ ತಿರುಗಿಸಿದಳು.

"ನಮ್ಮಜ್ಜನ ಸಾರು?" ಎಂದರು ದೋನ್ ಅಬುಂದಿಯೊ, ಸಣ್ಣ ದನಿಯಲ್ಲಿ.

ಎದೆಲ್ಮೀರಾ ಉಜ್ಜುವುದನ್ನು ನಿಲ್ಲಿಸಿದರು. "ಕೊಟ್ಟಿದ್ದ. ನಮ್ಮಜ್ಜಿಗೆ. ಕಲ್ಲು ಎಳೀತಾ ನಿಮ್ಮ ಮನೆ ಮುಂದೆ ಬಂದಾಗ ಅವನೊಬ್ಬನೇ ಹೊರಗೆ ಬಂದು ಎರಡು ಸೌಟು ಕೊಟ್ಟನಂತೆ. ಸಾಯೋ ತನಕ ಹೇಳ್ತಿದ್ದಳು. ಉಪ್ಪಿರಲಿಲ್ಲವಂತೆ."

"ಉಪ್ಪಿತ್ತು," ಎಂದು ದೋನ್ ಅಬುಂದಿಯೊ ಘನತೆಯಿಂದ ಹೇಳಿ ಕೂತರು. ಅವರ ವಂಶ ಉಳಿಯಿತು.

ದಾಕ್ತೋರಾ ಓಬ್ದೂಲಿಯಾ ಬಗ್ಗಿ, ಭೂತಗನ್ನಡಿಯನ್ನು ಪಕ್ಕಕ್ಕೆ ತಳ್ಳಿ, ಕಲ್ಲಿನ ತಗ್ಗಿನಲ್ಲಿ ಹೆಬ್ಬೆರಳು ಆಡಿಸಿದರು. "ಕತ್ತಿ ಮಸೆದ ಗೀರು ಚೂಪಾಗಿರುತ್ತೆ. ಇದು ಬಟ್ಟಲಿನ ಹಾಗಿದೆ. ಬೂದಿ, ಸೋಪು, ಬೆರಳಗೆಣ್ಣು. ಮೂರು ತಲೆಮಾರು." ಅವರು ಎವೆಲಿಯೊರ ಕಡೆ ತಿರುಗಿದರು. "ಜನರಲ್‌ಗಳು ಮಲಗಿದ ಕಲ್ಲು ನನ್ನ ಪಟ್ಟಿಯಲ್ಲಿ ಹದಿನೇಳು ಇವೆ ದಾಕ್ತೋರ್. ಆ ಜನರಲ್‌ಗಳು ಯುದ್ಧ ಯಾವಾಗ ಮಾಡ್ತಿದ್ರೋ ಗೊತ್ತಿಲ್ಲ. ಒಗೆಯೋ ಕಲ್ಲು ಒಂದೂ ಇಲ್ಲ. ಇದನ್ನ ಕಸುಬಿನ ಸ್ಮಾರಕ ಅಂತ ಬರೀತೀನಿ."

"ಹಾಗಾದ್ರೆ ಫಲಕ?" ಎಂದರು ಎವೆಲಿಯೊ.

"ಬೇರೆ ಬರೆಸಿ. ಕಸುಬಿನ ಸ್ಮಾರಕ ಅಂದ ಮೇಲೆ ಕಸುಬು ನಿಲ್ಲೋ ಹಾಗಿಲ್ಲ. ನಿಂತರೆ ದಂಡ. ತಿಂಗಳಿಗೊಂದು ಶನಿವಾರ ಮಕ್ಕಳ ಮುಂದೆ ಇಲ್ಲಿ ಒಗೀಲೇಬೇಕು, ಈ ಕಥೆ ಹೇಳಲೇಬೇಕು."

ಎದೆಲ್ಮೀರಾ ಸೊಂಟದ ಮೇಲೆ ಕೈಯಿಟ್ಟರು. "ಎರಡೂ ನಾನೇ ಮಾಡ್ಲಾ? ಒಗೀತಾ ಕಥೆ ಹೇಳಿದ್ರೆ ನನಗೆ ಉಸಿರು ಸಾಲೋದಿಲ್ಲ. ಹೇಳೋದು ನಾನು ಹೇಳ್ತೀನಿ. ಒಗೆಯೋಕೆ ಬೇರೆ ಜನ ನೋಡಿ."

ನೂರಮೂವತ್ತು ಜನ ಒಟ್ಟಿಗೆ ಲಿಸಾಂದ್ರೊನ ಕಡೆ ತಿರುಗಿದರು.

"ನನಗೆ ಬೆನ್ನುನೋವಿದೆ," ಎಂದ ಅವನು. ಈ ಸಲ ಅದು ನಿಜವೇ ಆಗಿತ್ತು. ಯಾರೂ ನಂಬಲಿಲ್ಲ.

ಹೀಗೆ ಹೋಟೆಲಿನ ಹೊದಿಕೆಗಳು ಈ ಕಲ್ಲಿಗೇ ಮರಳಿದವು, ಪಾದ್ರಿಗಳ ಎದೆ ಬೆಳ್ಳಗಾಯಿತು. ಮುಂದಿನ ತಿಂಗಳ ಶನಿವಾರ ದೂರದ ಊರಿನ ಶಾಲೆಯೊಂದು ಬಂತು. ಮೊದಲು ರಾಜಮಾರ್ಗ, ಬಂಡೆಚಿತ್ರ ನೋಡಿಕೊಂಡು, ಹಸುವನ್ನು ದಾಟಿಕೊಂಡು, ಸರಿಯಾದ ದಾರಿಯಲ್ಲೇ ಬಂದರು. ದಾರಿ ತೋರಿಸಿದ್ದು ಗ್ವಾಮೊ ಮರದ ಅಜ್ಜಿ. ಹಿತ್ತಿಲಿನಲ್ಲಿ ದೋನ್ಯಾ ಎದೆಲ್ಮೀರಾ ಇಸ್ತ್ರಿ ಮಾಡಿದ ಲಂಗ ತೊಟ್ಟು, ಕೈಯಲ್ಲಿ ಕೋಲು ಹಿಡಿದು, ಕಲ್ಲಿನ ಒಂದೊಂದು ತಗ್ಗನ್ನೂ ತೋರಿಸುತ್ತಿದ್ದರು. ಆ ಕೋಲಿನ ಪಕ್ಕದಲ್ಲೇ ಲಿಸಾಂದ್ರೊ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಬೆವರು ಸುರಿಸುತ್ತ ತಂಡದ ಅಂಗಿಗಳನ್ನು ಉಜ್ಜುತ್ತಿದ್ದ. ಆಗಾಗ ಕೋಲು ಅವನ ಭುಜದ ಮೇಲೂ ಬೀಳುತ್ತಿತ್ತು. "ಕಾಲರಿನ ಹತ್ರ, ಕಾಲರಿನ ಹತ್ರ! ಅದನ್ನ ಯಾರು ಉಜ್ಜೋದು, ನಿಮ್ಮ ಜನರಲ್ಲಾ?"

ಪ್ರವಾಸಕ್ಕೆ ಬಂದಿದ್ದ ಕನ್ನಡಕದ ಮುದುಕಿಯೊಬ್ಬರು ಬಹಳ ಹೊತ್ತು ಕಲ್ಲನ್ನೂ ಅದರ ಮೇಲೆ ಬಗ್ಗಿದ್ದವನನ್ನೂ ಒಂದೇ ಆಸಕ್ತಿಯಿಂದ ನೋಡಿ ಕೇಳಿದರು: "ಇವರೂ ಕಲ್ಲಿನಷ್ಟೇ ಹಳಬರಾ ದೋನ್ಯಾ?"

"ಇಲ್ಲ ತಾಯಿ," ಎಂದರು ಎದೆಲ್ಮೀರಾ. "ಇದು ಈಚಿನದು. ಇನ್ನೂ ಸವೆಸ್ತಾ ಇದೀವಿ."